ಹುರಿದ ಮಾಂಸ, ಒಂದು ಗ್ಲಾಸು ವೈನ್

“ಫಾದರ್, ಪ್ರೀತಿಯಿಂದ ಕೊಡುವುದನ್ನು ಬೇಡವೆಂದವರಿಗೆ ಒತ್ತಾಯ ಮಾಡಿ ಕೊಡುವುದು ತಪ್ಪೇ?” ಎಂದು ಬೊನಿಫಾಸ್ ಕೇಳಿದ. ಪಾದ್ರಿಯಾಗಲು ಓದುತ್ತಿದ್ದ ಅವನು ಆ ಬೆಳಿಗ್ಗೆ ರೋಗಿಯೊಬ್ಬನ ಬಳಿ ಕುಳಿತು ಪ್ರಾರ್ಥನೆ ಹೇಳಿಸಲು ಹೋಗಿ ಬೈಸಿಕೊಂಡು ಬಂದಿದ್ದ.

ಅವನ ಗುರುಗಳಾದ ಫಾದರ್ ಗಾಸ್ಪರ್ ಊಟದ ಮಾತಿಲ್ಲದೆ ಉಪದೇಶ ಮಾಡಿದವರಲ್ಲ. ಅವರು ಹೇಳತೊಡಗಿದರು.

ಒಬ್ಬ ರೈತನಿದ್ದ. ಹಂದಿ ಮಾಂಸ ಹುರಿಯುವುದರಲ್ಲಿ ಅವನದು ಎತ್ತಿದ ಕೈ. ತೊಡೆಯ ಮಾಂಸಕ್ಕೆ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ವಿನೆಗರ್ ಸವರಿ ರಾತ್ರಿಯಿಡೀ ಇಡುತ್ತಿದ್ದ. ಮರುದಿನ ದಪ್ಪ ತಳದ ಪಾತ್ರೆಗೆ ಹಾಕಿ, ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು, ಚರ್ಮ ಗರಿಗರಿಯಾಗುವ ತನಕ ಒಲೆಯ ಪಕ್ಕದಿಂದ ಏಳುತ್ತಿರಲಿಲ್ಲ. ಅಷ್ಟೇ ಅಡುಗೆ. ಆದರೆ ಜೊತೆಗೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಇರಲೇಬೇಕು, ಅದೂ ಸಿಹಿ ಕಡಿಮೆಯಿರುವುದು. ಕೊಬ್ಬಿನ ಜಿಡ್ಡು ನಾಲಿಗೆ ಬಿಡುವುದು ಅದರಿಂದಲೇ ಎಂದು ಅವನ ವಾದ. ವಾದವೇನೋ ಸರಿಯೇ, ನಾನೂ ತಿಂದು ನೋಡಿದ್ದೇನೆ.

ಅವನ ತಮ್ಮ ಕುಡಿದು ಮನೆ ಹಾಳುಮಾಡಿಕೊಂಡವನು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಆಮೇಲೆ ಅವನು ಕುಡಿತ ಬಿಟ್ಟ. ಪಾಪ, ಬಹಳ ಕಷ್ಟಪಟ್ಟು ಬಿಟ್ಟ. ವರ್ಷವಿಡೀ ಕಾದು ನೋಡಿ ಅವಳು ಹಿಂದಿರುಗಿದಳು. ಇನ್ನೊಮ್ಮೆ ಕುಡಿದರೆ ತನ್ನನ್ನು ಮರೆತುಬಿಡಬೇಕು ಎಂದು ಹೇಳಿಯೇ ಬಂದಳು. ಇದೆಲ್ಲ ರೈತನಿಗೆ ಗೊತ್ತಿತ್ತು. ಅವನಿಗೆ ಹೇಳತೀರದ ಸಂತೋಷ. ಮೂವರನ್ನೂ ಊಟಕ್ಕೆ ಕರೆದ.

ಮಾಂಸ ಎಂದಿಗಿಂತ ಚೆನ್ನಾಗಿ ಬಂದಿತ್ತು. ರೈತ ತಮ್ಮನ ಮುಂದೆ ಗ್ಲಾಸಿಟ್ಟು ವೈನ್ ಸುರಿದ. ತಮ್ಮ ಅದನ್ನು ಪಕ್ಕಕ್ಕೆ ಸರಿಸಿದ. ಅತಿಥಿ ಮೊದಲು ಬೇಡ ಎನ್ನುವುದು, ಮನೆಯವನು ಬಲವಂತ ಮಾಡುವುದು ನಮ್ಮ ಕಡೆಯ ಮರ್ಯಾದೆ. ರೈತ ಇದನ್ನೂ ಹಾಗೆಯೇ ಅಂದುಕೊಂಡ.

“ಅಣ್ಣ, ನಾನು ಬಿಟ್ಟಿದ್ದೇನೆ. ನನಗೆ ಮಾಂಸ ಸಾಕು,” ಎಂದ ತಮ್ಮ.

“ಇದಿಲ್ಲದೆ ಆ ಮಾಂಸಕ್ಕೆ ರುಚಿಯೆಲ್ಲಿ? ಇದೇನು ಸಾರಾಯಿಯಾ? ಒಂದೇ ಗ್ಲಾಸು. ನನ್ನಾಣೆ.”

ಅಣ್ಣನ ಆಣೆ ಮೀರಲು ತಮ್ಮನಿಂದ ಆಗಲಿಲ್ಲ. ಹೆಂಡತಿಯ ಮುಖ ನೋಡದೆ ಕುಡಿದ. ಸ್ವಲ್ಪ ಹೊತ್ತಿಗೆ ಗ್ಲಾಸನ್ನು ತಾನೇ ಮುಂದೆ ಹಿಡಿದ. ರೈತ ಖುಷಿಯಿಂದ ತುಂಬಿಸಿದ, ಈಗ ರುಚಿ ತಿಳಿಯಿತೇ ಎಂದು ಕೇಳಿದ. ಊಟವಾದ ಮೇಲೆ ಪೇಟೆಯ ಕಡೆ ಹೋದ ತಮ್ಮ ಸಂಜೆಯಾದರೂ ಬರಲಿಲ್ಲ. ಅವನ ಹೆಂಡತಿ ಮಗಳ ಕೈಹಿಡಿದು ತವರಿನ ಬಸ್ಸು ಹತ್ತಿದಳು.

ಬೊನಿಫಾಸನಿಗೆ ಸಿಟ್ಟು ಬಂದಿತ್ತು. “ಹಾಗಾದರೆ ಆ ರೈತನಿಗೆ ಪ್ರೀತಿಯೇ ಇರಲಿಲ್ಲವೇ, ಫಾದರ್?”

“ಇತ್ತಪ್ಪ, ಬೇಕಾದಷ್ಟಿತ್ತು. ಅಡುಗೆಯ ಮೇಲೆ.”