ಅಟ್ಟ ಸೇರಿದ ಮಣೆ

ಮತ್ತೆ ಬಾಯಿ ಹಾಕಿದೆಯಾ ಮಗಳೇ? ಕತೆ ಶುರುವಾಗುವ ಮೊದಲೇ ಮೂರು ಸಲ ಆಯಿತು. ಹೆರಿಗೆ ಮನೆ ಅಂದರೆ ಮರಿ ಹುಟ್ಟುವ ಮನೆ. ಗೊತ್ತಾಯಿತಲ್ಲ? ಇನ್ನು ಸುಮ್ಮನೆ ಕೇಳು.

ಒಂದು ಹೆರಿಗೆ ಮನೆ. ಅದರಲ್ಲಿ ಒಂದು ಮಣೆ. ಹೆರುವವಳ ತಲೆಯ ಹತ್ತಿರ ಜೊತೆಯವಳು ಕೂರುವ ಮಣೆ. ಒಂದು ದಿನ ಆ ಮಣೆ ಕಾಣೆಯಾಯಿತು. ಮಣೆ ಇಲ್ಲದಿದ್ದರೆ ಜೊತೆಯವಳು ಬಾಗಿಲ ಹೊರಗೆ. ಆ ಮನೆಯ ಕಟ್ಟಳೆ ಹಾಗೆ.

ಗಿಡ್ಡಿ ಎಂಬ ಮೇಕೆಗೆ ಚೊಚ್ಚಲ ಬಸಿರು. ದಿನ ತುಂಬಿತ್ತು. ಏನೂ ಗೊತ್ತಿಲ್ಲ. ತನ್ನ ಅಕ್ಕ ಹತ್ತಿರ ಇರಲೇಬೇಕು ಅಂತ ಮಣೆ ಹುಡುಕುತ್ತ ಹೊರಟಿತು.

ಹೆರಿಗೆ ಮನೆಯಲ್ಲಿ ಹುಲ್ಲು ಹಾಸುವ ಕೋಳಿಯನ್ನು ಕೇಳಿತು. ಕೋಳಿಗೆ ಹೊಟ್ಟೆ ಉರಿಯಿತು.

"ಹನ್ನೊಂದು ಮೊಟ್ಟೆಗೆ ಒಬ್ಬಳೇ ಕಾವು ಕೂತೆ. ನನ್ನ ಹತ್ತಿರ ಯಾರು ಕೂತಿದ್ದರು?"

ಮಣೆ ಅಟ್ಟದಲ್ಲಿದೆ, ಬೀಗದ ಕೈ ಕುರಿಯ ಹತ್ತಿರ ಅಂದಿತು. ಕುರಿ ಕೊಟ್ಟುಬಿಟ್ಟರೆ ತಡೆಯಬೇಕು ಅಂತ ಹಿಂದೆಯೇ ಬಂತು. ಮುಂದೆ ಮೇಕೆ, ಹಿಂದೆ ಕೋಳಿ.

ಕೋಳಿ ಕೊಡಲಿಲ್ಲ, ನೀನು ಕೊಡು ಅಂತ ಮೇಕೆ ಕುರಿಯನ್ನು ಕೇಳಿತು. ಕುರಿಗೆ ಹೊಟ್ಟೆ ಉರಿಯಿತು.

"ಬೇಲಿ ಬುಡದಲ್ಲಿ ಒಬ್ಬಳೇ ಹೆತ್ತೆ. ನನ್ನ ಹತ್ತಿರ ಯಾರು ಕೂತಿದ್ದರು?"

ಅಟ್ಟ ಹತ್ತುವ ಏಣಿ ಕತ್ತೆಯದು ಅಂದಿತು. ಕತ್ತೆ ಕೊಟ್ಟುಬಿಟ್ಟರೆ ಅಂತ ಹಿಂದೆಯೇ ಬಂತು. ಮುಂದೆ ಮೇಕೆ, ಹಿಂದೆ ಕೋಳಿ, ಅದರ ಹಿಂದೆ ಕುರಿ.

ಕೋಳಿ ಕೊಡಲಿಲ್ಲ, ಕುರಿ ಕೊಡಲಿಲ್ಲ, ನೀನು ಕೊಡು ಅಂತ ಮೇಕೆ ಕತ್ತೆಯನ್ನು ಕೇಳಿತು. ಕತ್ತೆಗೆ ಹೊಟ್ಟೆ ಉರಿಯಿತು.

"ಬೆಳಗ್ಗೆ ಹೆತ್ತೆ, ಸಂಜೆ ಇಟ್ಟಿಗೆ ಹೊತ್ತೆ. ನನ್ನ ಹತ್ತಿರ ಯಾರು ಕೂತಿದ್ದರು?"

ಯಜಮಾನಿ ಎಮ್ಮೆ ಹೂಂ ಅನ್ನಬೇಕು ಅಂದಿತು. ಎಮ್ಮೆ ಹೂಂ ಅಂದುಬಿಟ್ಟರೆ ಅಂತ ಹಿಂದೆಯೇ ಬಂತು. ಮುಂದೆ ಮೇಕೆ, ಹಿಂದೆ ಕೋಳಿ, ಅದರ ಹಿಂದೆ ಕುರಿ, ಅದರ ಹಿಂದೆ ಕತ್ತೆ.

ಕೋಳಿ ಕೊಡಲಿಲ್ಲ, ಕುರಿ ಕೊಡಲಿಲ್ಲ, ಕತ್ತೆ ಕೊಡಲಿಲ್ಲ, ನೀನು ಕೊಡು ಅಂತ ಮೇಕೆ ಎಮ್ಮೆಯನ್ನು ಕೇಳಿತು. ಎಮ್ಮೆಗೆ ಎಲ್ಲರಿಗಿಂತ ಹೆಚ್ಚು ಹೊಟ್ಟೆ ಉರಿಯಿತು.

"ಎರಡು ದಿನ ನಿಂತೇ ನರಳಿದೆ. ನನ್ನ ಹತ್ತಿರ ಯಾರು ಕೂತಿದ್ದರು? ಅದಕ್ಕೇ ಮಣೆಯನ್ನು ಅಟ್ಟಕ್ಕೆ ಹಾಕಿಸಿದೆ."

ಮೇಕೆ ಆ ದೊಡ್ಡ ಹೊಟ್ಟೆ ಹೊತ್ತುಕೊಂಡು ಅಲ್ಲೇ ನೆಲದ ಮೇಲೆ ಕೂತಿತು.

"ಈಗ ನಾನು ಕೂತಿದ್ದೇನೆ. ಹೇಳು."

ಎಮ್ಮೆ ಕಾಲು ಮಡಚಿ ಅದರ ಎದುರು ಕೂತಿತು. ಆಮೇಲೆ ಹೇಳಿತು. ನೋವು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ, ಉಸಿರು ಯಾವಾಗ ಬಿಡಬೇಕು, ಎಲ್ಲ ಹೇಳಿತು. ಕತ್ತೆಯೂ ಹೇಳಿತು. ಕುರಿಯೂ ಹೇಳಿತು. ಕೋಳಿಯಂತೂ ಬಾಯಿ ಮುಚ್ಚಲೇ ಇಲ್ಲ. ಏನೂ ಗೊತ್ತಿಲ್ಲದ ಮೇಕೆಗೆ ಎಲ್ಲ ಗೊತ್ತಾಯಿತು.

ಎಮ್ಮೆ ಹೂಂ ಅಂದಿತು. ಕತ್ತೆ ಏಣಿ ಇಟ್ಟಿತು. ಕುರಿ ಬೀಗ ತೆಗೆಯಿತು. ಕೋಳಿ ಪುರ್ರನೆ ಏಣಿ ಹತ್ತಿ ಮಣೆ ತಳ್ಳಿತು. ಮಣೆ ಹೆರಿಗೆ ಮನೆಗೆ ಬಂತು. ಅಕ್ಕ ಮಣೆಯ ಮೇಲೆ ಕೂತಿತು. ಗಿಡ್ಡಿ ಎರಡು ಮರಿ ಹಾಕಿತು.

ತಾಯಂದಿರೆಲ್ಲ ಸೇರಿ ಆ ಹಳೆ ಕಟ್ಟಳೆಯನ್ನೇ ಕಿತ್ತು ಹಾಕಿದರು. ಚೊಚ್ಚಲ ಬಸುರಿಯರನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟರು. ಪುಣ್ಯ ಮಾಡಿತ್ತು ಆ ಮೇಕೆ.

ಆಯಿತು, ಏಳು, ಹೋಗಿ ಆಡಿಕೋ ಅಂದೆ. ಮಗಳು ಏಳಲಿಲ್ಲ. ಇವಳನ್ನು ಹೆರುವಾಗ ನನ್ನ ಹತ್ತಿರವೂ ಯಾರೂ ಕೂತಿರಲಿಲ್ಲ; ಅದು ಗೊತ್ತಿಲ್ಲದೆ ಕೇಳಿದಳು.

"ಅಮ್ಮ, ಅಕ್ಕ ಮಣೆ ಮೇಲೆ ಕೂತಿದ್ದು ನೋಡಿ ಎಮ್ಮೆಗೆ ಮತ್ತೆ ಹೊಟ್ಟೆ ಉರಿಯಿತಾ?"