ಮಿಂಚುಹುಳದ ನಾಲ್ಕು ಸಾಲು

ಇನ್ನೂ ಬದುಕಿರುವ ಸಿನಿಮಾ ನಿರ್ದೇಶಕರ ಬಗ್ಗೆ ಕಾಡಿನ ವಿಶ್ವಕೋಶದಲ್ಲಿರುವ ಪುಟ್ಟ ಪರಿಚಯಗಳನ್ನು ಓದಿ, ಬರಹ ಉತ್ತಮ ಅಥವಾ ಕಳಪೆ ಎಂದು ಮುದ್ರೆ ಒತ್ತುವ ಕೆಲಸ ಮುದಿ ಆಮೆಯದು. ಒಂದು ಬೆಳಗ್ಗೆ, ತನ್ನ ಬೆಳಕಿನಿಂದಲೇ ಸಿನಿಮಾ ಮಾಡುವ ಮಿಂಚುಹುಳ ಅದರ ಮುಂದೆ ಬಂದು ನಿಂತಿತು.

"ನನ್ನ ಬಗ್ಗೆ ಇರುವುದೇ ನಾಲ್ಕು ಸಾಲು. ನೀವು ಕಳಪೆ ಎಂದು ಒತ್ತಿದಿರಿ, ಒಪ್ಪಿದೆ. ಆದರೆ ಅದರಲ್ಲಿ ನಾನು ಸಿನಿಮಾ ಮಾಡುವುದನ್ನೇ ಬಿಟ್ಟೆ ಎಂದಿದೆ. ನಾನು ಬಿಟ್ಟಿಲ್ಲ. ಅದನ್ನು ಓದಿದವರು ಯಾರೂ ನನಗೆ ಕೆಲಸ ಕೊಡುತ್ತಿಲ್ಲ."

"ಬಿಟ್ಟೆ ಎಂದು ಕಾಗೆಯ ಪತ್ರಿಕೆಯಲ್ಲಿ ಅಚ್ಚಾಗಿದೆ. ಬಿಟ್ಟಿಲ್ಲ ಎನ್ನಲು ಆಧಾರವೇನು?"

"ನಾನೇ ಇದ್ದೇನಲ್ಲ."

"ತನ್ನ ಬಗ್ಗೆ ತಾನೇ ಹೇಳಿದ್ದನ್ನು ನಾವು ಒಪ್ಪುವುದಿಲ್ಲ."

"ಕಾಗೆಯನ್ನು ವಿಚಾರಿಸಿದೆ. ನಿಮ್ಮ ವಿಶ್ವಕೋಶ ನೋಡಿಯೇ ಬರೆದೆ ಎಂದಿತು."

ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಮೊನ್ನೆಯಷ್ಟೇ ಕೆರೆಯ ದಡದಲ್ಲಿ ಈ ಹುಳದ ಹೊಸ ಸಿನಿಮಾ ನೋಡಿ ಅದು ಕಣ್ಣೊರೆಸಿಕೊಂಡಿತ್ತು. ಆದರೆ ತಾನು ಕಂಡದ್ದು ಆಧಾರವಲ್ಲ, ಅಚ್ಚಾದದ್ದೇ ಆಧಾರ.

"ಸ್ವಲ್ಪ ಕಾಯಿ," ಎಂದಿತು ಒಳಗಿನಿಂದಲೇ. "ಯಾರಾದರೂ ಬರೆದಾರು."

ಮಳೆಗಾಲ ಮುಗಿಯುವ ಮೊದಲೇ ಮಿಂಚುಹುಳ ಸತ್ತಿತು. ಪತ್ರಿಕೆಗಳೆಲ್ಲ ಪುಟಗಟ್ಟಲೆ ಬರೆದವು. ಸಿನಿಮಾ ಬಿಟ್ಟು ಎಷ್ಟೋ ಕಾಲವಾಗಿದ್ದ ನಿರ್ದೇಶಕ ಇನ್ನಿಲ್ಲ ಎಂದು ಪ್ರತಿಯೊಂದರಲ್ಲೂ ಇತ್ತು. ಬದುಕಿರುವವರ ಕಪಾಟಿನಿಂದ ತೆಗೆಯುವ ಮುನ್ನ ಆ ಪರಿಚಯ ಕೊನೆಯ ಸಲ ಆಮೆಯ ಮುಂದೆ ಬಂತು. ಈಗ ಅದು ಉದ್ದವಾಗಿತ್ತು, ಸಾಲುಸಾಲಿಗೂ ಆಧಾರವಿತ್ತು.

ಆಮೆ ಮುದ್ರೆ ಎತ್ತಿಕೊಂಡು, ಕಣ್ಣು ಮುಚ್ಚಿ, ಉತ್ತಮ ಎಂದು ಒತ್ತಿತು.