ಅರ್ಧ ಬಿಂದಿಗೆ

ಮುರಿದ ಮೂಳೆ ಕೂಡಿಸುವುದು ಆಸ್ಪತ್ರೆಯ ಕೆಲಸ. ಕೂಡಿದ ಮೂಳೆಯ ಮೇಲೆ ಮನುಷ್ಯನನ್ನು ನಿಲ್ಲಿಸುವುದು ರಾಚಯ್ಯನವರ ಕೆಲಸ. ಹೊಳೆದಂಡೆಯ ಅವರ ಆಶ್ರಮಕ್ಕೆ ಊರುಗೋಲು ಹಿಡಿದು ಬಂದವರಲ್ಲಿ ಬಹಳ ಮಂದಿ ಕೈಬೀಸಿಕೊಂಡು ಹೋಗುತ್ತಿದ್ದರು.

ಹೋಗುವ ಮುಂಚೆ ಒಂದು ಪರೀಕ್ಷೆ ಇತ್ತು. ಶಿಷ್ಯ ಇಂದುಧರ ಹಿತ್ತಾಳೆ ಬಿಂದಿಗೆಯನ್ನು ಬಾಯಿಮಟ್ಟ ತುಂಬಿ ಕೊಡುವನು. ಅದನ್ನು ಎದೆಗೆ ಅವುಚಿಕೊಂಡು ಹೊಳೆಯಿಂದ ಕಲ್ಲಿನ ಮೆಟ್ಟಿಲು ಹತ್ತಿ ಬರಬೇಕು. ಎದೆಯ ಮೇಲೆ ಬಿಂದಿಗೆ ಇದ್ದರೆ ಕಾಲು ಕಾಣಿಸುವುದಿಲ್ಲ. ನೆಲ ಎಲ್ಲಿದೆ ಎಂದು ಕಾಲೇ ತಿಳಿದುಕೊಳ್ಳಬೇಕು.

ರಾಚಯ್ಯನವರು ಮೇಲೆ ಜಗಲಿಯಲ್ಲಿ ಕೂತು ಮೆಟ್ಟಿಲು ನೋಡುವರು. ಕಲ್ಲು ಒಣಗಿದ್ದರೆ, "ಹೋಗಿ ಬಾ" ಅನ್ನುವರು. ಒದ್ದೆಯಾಗಿದ್ದರೆ ಇನ್ನಷ್ಟು ದಿನ ಇದ್ದು ಮತ್ತೆ ಹತ್ತಬೇಕು. ತಂದ ನೀರನ್ನು ಇಂದುಧರ ಅಡುಗೆಮನೆಯ ಹಂಡೆಗೆ ಸುರಿಯುವನು.

ಕೊಡಗಿನ ಉತ್ತಯ್ಯ ಅಲ್ಲಿಗೆ ಬಂದದ್ದು ತೊಡೆಯಲ್ಲಿ ರಾಡು ಹಾಕಿಸಿಕೊಂಡು. ಅವನು ಜೀಪ್ ರೇಸಿನವನು. ರಸ್ತೆಯ ಮೇಲಿನ ರೇಸಲ್ಲ. ರಸ್ತೆಯೇ ಇಲ್ಲದ ಕಡೆ, ಕೆಸರಿನಲ್ಲಿ, ಕೊರಕಲಿನಲ್ಲಿ, ಬಂಡೆಯ ಮೇಲೆ ಜೀಪ್ ಹತ್ತಿಸುವ ರೇಸು. ಒಂದು ಇಳಿಜಾರಿನಲ್ಲಿ ಜೀಪ್ ಪಲ್ಟಿ ಹೊಡೆದು ಎಡತೊಡೆ ಮುರಿದು, ಮಂಡಿ ಪುಡಿಯಾಗಿತ್ತು.

ಒಳ್ಳೆಯ ಮನುಷ್ಯ. ನೋವಿನಲ್ಲೂ ಹಾಸ್ಯ ಮಾಡುತ್ತಿದ್ದ. ಮಂಡಿ ಮಡಿಸುವಾಗ ಬೆವರು ಇಳಿದರೂ ಇಂದುಧರನ ಹೆಗಲು ತಟ್ಟಿ, "ಇನ್ನೊಂದು ಸಲ ಇಂದು, ಇನ್ನೊಂದೇ ಸಲ" ಅನ್ನುತ್ತಿದ್ದ. ಇಂದುಧರನಿಗೆ ಅವನೆಂದರೆ ಪ್ರಾಣ.

ಮೊದಲ ಪರೀಕ್ಷೆಯಲ್ಲಿ ಮೆಟ್ಟಿಲೆಲ್ಲ ಒದ್ದೆಯಾಯಿತು. ಮುಂದಿನ ಸಲವೂ ಹಾಗೇ ಆಯಿತು. ಮಳೆಗಾಲದ ರೇಸು ಹತ್ತಿರ ಬಂತು.

"ಜೀಪ್ ರೆಡಿ ಮಾಡಿಟ್ಟುಕೊಂಡು ನನ್ನ ತಮ್ಮ ಕಾಯ್ತಾ ಇದ್ದಾನೆ" ಎಂದ ಉತ್ತಯ್ಯ. "ಆದರೆ ಹಟಮಾರಿ. ಗುರುಗಳು ಹೋಗು ಅಂದರೆ ಮಾತ್ರ ಬಾ, ಇಲ್ಲದಿದ್ದರೆ ಜೀಪ್ ಮುಟ್ಟೋಕೂ ಬಿಡಲ್ಲ ಅಂತಾನೆ."

"ಕಾಲು ಇನ್ನೂ ನಡುಗುತ್ತೆ, ಉತ್ತಯ್ಯನವರೇ."

"ಈ ಮಳೆಗಾಲ ತಪ್ಪಿದರೆ ನನ್ನನ್ನು ಯಾರೂ ಕರೆಯಲ್ಲ, ಇಂದು. ನನಗೆ ಬೇರೆ ಏನೂ ಬರಲ್ಲ."

ಮರುದಿನ ಇಂದುಧರ ಬಿಂದಿಗೆಯನ್ನು ಅರ್ಧ ಮಾತ್ರ ತುಂಬಿದ.

ಕೈಗೆ ತೆಗೆದುಕೊಂಡ ಕೂಡಲೇ ಉತ್ತಯ್ಯನಿಗೆ ಗೊತ್ತಾಯಿತು. ಇಂದುಧರನ ಮುಖ ನೋಡಿದ. ಬಿಂದಿಗೆಯನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದ.

ಮೆಟ್ಟಿಲು ಒಣಗಿಯೇ ಇತ್ತು. ಇಂದುಧರ ನೀರನ್ನು ಹಂಡೆಗೆ ಸುರಿದ ಮೇಲೆ ರಾಚಯ್ಯನವರು, "ಹೋಗಿ ಬಾ" ಅಂದರು.

ಮಳೆ ಹಿಡಿದು, ಬಿಟ್ಟ ಮೇಲೆ ಆಶ್ರಮದ ಮುಂದೆ ಒಂದು ಆಂಬುಲೆನ್ಸ್ ನಿಂತಿತು. ಮೊದಲು ಇಳಿದವನು ಉತ್ತಯ್ಯ. ಕುಂಟುತ್ತಿದ್ದ, ಆದರೆ ತನ್ನ ಕಾಲಿನ ಮೇಲೆಯೇ ಇದ್ದ. ಒಳಗೆ ಸ್ಟ್ರೆಚರಿನಲ್ಲಿ ಮಲಗಿದ್ದವನು ಅವನ ತಮ್ಮ ಪೂಣಚ್ಚ.

"ಬಂಡೆ ಹತ್ತಿಸುವಾಗ ಇವನು ಕೆಳಗಿಳಿದು ಗಾಡಿ ಮುಂದೆ ನಿಂತಿದ್ದ" ಎಂದ ಉತ್ತಯ್ಯ. "ಚಕ್ರ ಎಲ್ಲಿಡಬೇಕು ಅಂತ ಕೈಸನ್ನೆ ಮಾಡ್ತಿದ್ದ. ನಾನು ಕ್ಲಚ್ ಒತ್ತಿ ಹಿಡಿದಿದ್ದೆ. ಕಾಲು ನಡುಗಿತು. ನಾನು ಬಿಡಲಿಲ್ಲ ಗುರುಗಳೇ. ಕಾಲು ತಾನಾಗಿಯೇ ಕ್ಲಚ್ಚಿನಿಂದ ಜಾರಿಹೋಯಿತು. ಗಾಡಿ ಮುಂದಕ್ಕೆ ಹಾರಿತು."

ಬೆನ್ನುಮೂಳೆ ಮುರಿದಿತ್ತು. ದೊಡ್ಡಾಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ ಕಳಿಸಿದ್ದರು. ಸೊಂಟದ ಕೆಳಗೆ ಪೂಣಚ್ಚನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮಲಗಿ ಮಲಗಿ ಕೈಯೂ ಸೋತುಹೋಗಿತ್ತು.

ಅವನನ್ನು ಒಳಗೆ ಮಲಗಿಸಿ ಬಂದ ಇಂದುಧರ ಗುರುಗಳ ಕಾಲ ಬಳಿ ಕುಸಿದು ಕೂತ.

"ಆವತ್ತು ಬಿಂದಿಗೆ ಅರ್ಧ ಇತ್ತು, ಗುರುಗಳೇ."

"ಯಾಕೆ?"

"ಪಾಪ ಅನ್ನಿಸಿತು."

"ಯಾರ ಮೇಲೆ?"

ಇಂದುಧರ ಉತ್ತಯ್ಯನ ಮೇಲೆ ಅನ್ನಲು ಹೋದ. ಆದರೆ ತಾನು ಬಿಂದಿಗೆ ಅರ್ಧ ತುಂಬಿದ್ದು ಉತ್ತಯ್ಯನ ಬೇಸರದ ಮುಖ ನೋಡಲಾರದೆ. ಅದು ಈಗ ಗೊತ್ತಾಗಿ ಅಳು ಬಂತು.

ರಾಚಯ್ಯನವರು ಸಮಾಧಾನ ಮಾಡಲಿಲ್ಲ.

"ಹಂಡೆಗೆ ನೀನು ಸುರಿದ ಸದ್ದು ಆವತ್ತು ನನಗೂ ಕೇಳಿಸಿತು. ಬೇಗ ನಿಂತುಹೋಯಿತು" ಅಂದರು. "ಕಲ್ಲು ಒಣಗಿದೆಯಲ್ಲ ಅಂತ ಸುಮ್ಮನಾದೆ. ನನಗೂ ಅವನು ಬೇಕಾದವನಾಗಿಬಿಟ್ಟಿದ್ದ."

ಗುರುವಿನ ಬಾಯಿಂದ ಬಂದ ಈ ಮಾತು ಬೈಗುಳಕ್ಕಿಂತ ಭಾರವಾಗಿತ್ತು.

"ನಾನು ಇಲ್ಲಿರೋಕೆ ಲಾಯಕ್ಕಿಲ್ಲ. ಹೊರಟುಹೋಗ್ತೀನಿ" ಎಂದ ಇಂದುಧರ.

"ಹೋಗು. ಪೂಣಚ್ಚನ ಮಗ್ಗುಲು ಬದಲಿಸೋ ಹೊತ್ತಾಯಿತು. ಅದನ್ನು ಮುಗಿಸಿ ಹೋಗು."

ಅದು ಮುಗಿಯುವ ಕೆಲಸವಲ್ಲ. ಮಗ್ಗುಲು ಬದಲಿಸಬೇಕು, ಬೆನ್ನು ಹುಣ್ಣಾಗದಂತೆ ಒರೆಸಬೇಕು, ಸತ್ತಂತೆ ಬಿದ್ದ ಕಾಲುಗಳನ್ನು ಎತ್ತಿ ಮಡಿಸಿ ಬಿಡಿಸಬೇಕು. ಅಷ್ಟರಲ್ಲಿ ಮತ್ತೆ ಮಗ್ಗುಲು ಬದಲಿಸುವ ಹೊತ್ತಾಗುತ್ತದೆ. ಇಂದುಧರ ಹೋಗಲಿಲ್ಲ. ಅಣ್ಣ ಉತ್ತಯ್ಯ ಮಂಚದ ಕಾಲ ಬಳಿಯೇ ಕೂತಿರುತ್ತಿದ್ದ. ಈಗ ಅವನು ಹಾಸ್ಯ ಮಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪೂಣಚ್ಚ ಕೇಳಿದ. "ಅಣ್ಣ ಬಿಂದಿಗೆ ವಿಷಯ ಎಲ್ಲಾ ಹೇಳಿದ. ನನಗೂ ಒಂದಿನ ಕೊಡ್ತೀರಲ್ಲ? ಮೆಟ್ಟಿಲು ಹತ್ತಿ ಬರೋಕೆ?"

ಮಂಚದ ಆಚೆಯಿಂದ ಉತ್ತಯ್ಯ ಇಂದುಧರನನ್ನು ನೋಡಿದ. ಎರಡು ಕೈಯನ್ನೂ ಮೆಲ್ಲಗೆ ಜೋಡಿಸಿದ. ಹ್ಞೂಂ ಅನ್ನು ಎಂಬ ಬೇಡಿಕೆ ಅದು.

ಇಂದುಧರನಿಗೆ ಹ್ಞೂಂ ಅನ್ನುವುದು ಎಷ್ಟು ಸುಲಭವಿತ್ತು!

"ಇಲ್ಲ ಪೂಣಚ್ಚನವರೇ" ಎಂದ. "ಕಾಲು ಬರಲ್ಲ. ಕೈಗೆ ಬಲ ಬರುತ್ತೆ. ಮಂಚದಿಂದ ಗಾಲಿಕುರ್ಚಿಗೆ ನೀವೇ ಇಳಿಯುವಷ್ಟು ಬರುತ್ತೆ. ಅದಕ್ಕೂ ಬಹಳ ನೋವು ತಿನ್ನಬೇಕು."

ಉತ್ತಯ್ಯ ಎದ್ದು ಹೊರಗೆ ಹೋದ. ಮೆಟ್ಟಿಲ ಮೇಲೆ ಕೂತು ಅವನು ಗೋಳಾಡಿದ್ದು ಒಳಗೂ ಕೇಳಿಸಿತು.

ಇಂದುಧರ ಜಗಲಿಗೆ ಬಂದ.

"ಹೇಳಿದೆ, ಗುರುಗಳೇ."

"ಏನಂದ?"

"ಗೋಡೆ ಕಡೆ ತಿರುಗಿಸು ಅಂದ. ತಿರುಗಿಸಿ ಬಂದೆ."

ಆ ಹಗಲೆಲ್ಲ ಪೂಣಚ್ಚ ಊಟ ಮುಟ್ಟಲಿಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಕಣ್ಣು ಮುಚ್ಚಿಕೊಂಡ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಂದುಧರ ಮತ್ತೆ ಜಗಲಿಗೆ ಬಂದು ನಿಂತ.

"ಕೈಗೆ ಬಲ ಬರೋದಾದರೆ ಆ ಬಿಂದಿಗೆ ತಾ, ಮಲಗಿದಲ್ಲೇ ಎತ್ತಿ ನೋಡ್ತೀನಿ ಅಂತಿದ್ದಾನೆ. ನೀರು ತುಂಬಿದ್ದೇ ಬೇಕಂತೆ. ಖಾಲಿ ಬಿಂದಿಗೆ ಎತ್ತೋಕೂ ಅವನ ಕೈಯಲ್ಲಿ ಆಗಲ್ಲ, ಗುರುಗಳೇ. ಏನು ಮಾಡಲಿ?"

ರಾಚಯ್ಯನವರು ಮೂಲೆಯಲ್ಲಿದ್ದ ಹಿತ್ತಾಳೆ ಬಿಂದಿಗೆಯನ್ನು ಎತ್ತಿ ತಂದರು. ಒಳಗೆ ಉಳಿದಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿ ಶಿಷ್ಯನ ಕೈಗಿಟ್ಟರು.

"ಖಾಲಿಯದೇ ಕೊಡು. ಖಾಲಿ ಅಂತ ಹೇಳಿ ಕೊಡು."